ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ರೂ ಎಫ್‌ಪಿಎಸ್ ಅಷ್ಟೇ ಉಂಟು, ಕಾರ್ಡ್ ವಾಪಸ್ ತಗೊಳ್ಳಿ

ನಮಸ್ಕಾರ,

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಬರೆಯುದು. ಕಳೆದ ತಿಂಗಳು ನಿಮ್ಮ ಮಂಗಳೂರು ಅಂಗಡಿಗೆ ಪಿಸಿ ತಂದಿದ್ದೆ, ಡ್ವಾರ್ಫ್ ಅಂದ್ರೆ ಕುಳ್ಳರ ಕೋಟೆ ಕಟ್ಟುವ ಡ್ವಾರ್ಫ್ ಫೋರ್ಟ್ರೆಸ್ ಗೇಮಲ್ಲಿ ಕೋಟೆಯ ಜನ 150 ದಾಟಿದ ಮೇಲೆ ಎಫ್‌ಪಿಎಸ್, ಅಂದ್ರೆ ಗೇಮ್ ಸೆಕೆಂಡಿಗೆ ಎಷ್ಟು ಹೆಜ್ಜೆ ಓಡ್ತದೆ ಅನ್ನುವ ಲೆಕ್ಕ, 100ರಿಂದ 18ಕ್ಕೆ ಬೀಳ್ತದೆ ಅಂತ ಸೇವ್ ಓಪನ್ ಮಾಡಿಯೇ ತೋರಿಸಿದ್ದೆ. ನಿಮ್ಮ ಟೆಕ್ನಿಷಿಯನ್ ಟಾಸ್ಕ್ ಮ್ಯಾನೇಜರ್ ನೋಡಿ ಸಿಪಿಯು 10% ಅಷ್ಟೇ, ಪ್ರೊಸೆಸರ್ ಖಾಲಿ ಕೂತಿದೆ, ಕಾರ್ಡ್ ಇಲ್ಲದ್ದೇ ತೊಂದರೆ ಅಂತ ಹೇಳಿ ಕಾರ್ಡ್ ಹಾಕಿಸಿದ್ರು. ಮನೆಗೆ ತಂದು ಅದೇ ಸೇವ್ ಹಾಕಿದ್ರೆ ಅದೇ 18.

ಆ 10% ಎಂತದ್ದು ಅಂತ ಸ್ವಲ್ಪ ನೋಡಿ. ನನ್ನ ಪ್ರೊಸೆಸರ್ ರೈಜನ್ 5600ಜಿ, 12 ಥ್ರೆಡ್, ಅಂದ್ರೆ ಒಟ್ಟಿಗೆ 12 ಕೆಲಸದ ಸಾಲು ಓಡಿಸ್ತದೆ. ಈ ಗೇಮಿನ ಮುಖ್ಯ ಲೆಕ್ಕ ಹೆಚ್ಚುಕಮ್ಮಿ ಒಂದೇ ಥ್ರೆಡ್ಡಲ್ಲಿ ನಡೆಯುದು, ಅದು ಫುಲ್ ಓಡಿದ್ರೂ ಒಟ್ಟಿನಲ್ಲಿ ಕಾಣುದು 8% ಮಾತ್ರ. ಒಂದೊಂದು ಡ್ವಾರ್ಫ್, ಒಂದೊಂದು ಬೆಕ್ಕು ಯಾವ ದಾರಿಯಲ್ಲಿ ಹೋಗ್ಬೇಕು, ನೀರು ಎಲ್ಲಿಗೆ ಹರಿಬೇಕು, ಕಲ್ಲು ಎಷ್ಟು ಬಿಸಿ, ಇದೆಲ್ಲ ಪ್ರೊಸೆಸರಿನ ಕೆಲಸ, ಕಾರ್ಡಿಗೆ ಇದ್ರಲ್ಲಿ ಮಾಡ್ಲಿಕ್ಕೆ ಏನೂ ಇಲ್ಲ. ಬೋರಲ್ಲಿ ನೀರಿಲ್ಲ ಅಂದ್ರೆ ತೋಟಕ್ಕೆ ದೊಡ್ಡ ಪೈಪ್ ಹಾಕಿಸಿದ ಹಾಗಾಯ್ತು.

ನಂಗೆ ಜಾಸ್ತಿ ಬೇಜಾರು ಇನ್ನೊಂದು ವಿಷಯದಲ್ಲಿ, ಈ ಪಿಸಿ ಅಸೆಂಬಲ್ ಮಾಡಿದ್ದೂ ನೀವೇ ಅಲ್ವಾ, ಬಿಲ್ಲಲ್ಲಿ ರ‍್ಯಾಮ್ 3200 ಅಂತ ಉಂಟು, ಓಡ್ತಾ ಇದ್ದದ್ದು 2133ರಲ್ಲಿ, ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಬಯೋಸಲ್ಲಿ ಆನ್ ಮಾಡ್ಲೇ ಇಲ್ಲ, ಅದೂ ಒಂದೇ ಸ್ಟಿಕ್ಕು. ನಾನೇ ಆನ್ ಮಾಡಿ, ಗೇಮಲ್ಲಿ ಬೆಕ್ಕು ಕುರಿಗಳನ್ನೆಲ್ಲ ಗೂಡಿಗೆ ಹಾಕಿ, ಕೋಟೆಯೊಳಗಿನ ಜಲಪಾತ ನಿಲ್ಲಿಸಿದ ಮೇಲೆ ಈಗ 31 ಬರ್ತದೆ. ಒಂದು ಪೈಸೆ ಖರ್ಚಾಗ್ಲಿಲ್ಲ. ಇದನ್ನು ಅವತ್ತೇ ನೀವು ಹೇಳ್ಬೇಕಿತ್ತು.

ಹಾಗಾಗಿ ಕಾರ್ಡ್ ವಾಪಸ್ ತಗೊಂಡು ನನ್ನ ಎಎಂ4 ಬೋರ್ಡಿಗೇ ಕೂರುವ 5700ಎಕ್ಸ್3ಡಿ ಪ್ರೊಸೆಸರ್ ಕೊಡಿ, ಅದ್ರಲ್ಲಿ ಎಲ್3 ಕ್ಯಾಶ್, ಅಂದ್ರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 96 ಎಂಬಿ, ನನ್ನದ್ರಲ್ಲಿ ಬರೀ 16, ಇಂಥ ಗೇಮಿಗೆ ಬೇಕಾದ್ದು ಅದು. ಅದ್ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ನಂಗೆ ಗೊತ್ತುಂಟು, ಡಿಸ್‌ಪ್ಲೇ ಬರ್ಲಿಕ್ಕೆ ಒಂದು ಸಣ್ಣ ಹಳೆ ಕಾರ್ಡ್ ಸಾಕು. ಸ್ಟಾಕ್ ಇಲ್ಲದಿದ್ರೆ ದುಡ್ಡು ವಾಪಸ್ ಕೊಡಿ. ಬಾಕ್ಸು ಬಿಲ್ಲು ಎಲ್ಲ ಹಾಗೇ ಉಂಟು.

ಫೋನ್ ಮಾಡಿದಾಗ ನಾನು ಕೇರಳದವ, ಕಂಪ್ಲೇಂಟ್ ಮಂಗಳೂರಿಗೇ ಬಂದು ಕೊಡ್ಬೇಕು ಅಂದ್ರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕ ಇರುವ ಜಿಲ್ಲೆಯಲ್ಲೇ ದೂರು ಕೊಡ್ಬಹುದು, ನಂಗೆ ಕಾಸರಗೋಡೇ ಸಾಕು. ಕೇಸಿನವರೆಗೆ ಹೋಗುದು ಬೇಡ ಅಂತಲೇ ಮೊದಲು ನಿಮಗೆ ಬರೆದದ್ದು, ಈ ಶನಿವಾರದೊಳಗೆ ಉತ್ತರ ಕೊಡಿ.

ಇತಿ,
ನಿಮ್ಮ ಗ್ರಾಹಕ, ಬದಿಯಡ್ಕ