ಹಾಡುಗಳ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ಬ್ಯಾಂಡುಗಳಲ್ಲಿ ಗಿಟಾರ್ ನುಡಿಸುತ್ತಿದ್ದ ನಮ್ಮ ಜಿಲ್ಲೆಯ ಯುವಕರು ಈಗೀಗ ಸ್ವಂತ ಹೆಸರಿನಲ್ಲಿ ಆಲ್ಬಂ ತರುತ್ತಿರುವುದು ಸಂತೋಷದ ಸಂಗತಿ. ಆದರೆ ಪತ್ರಿಕೆಗಳ ವರದಿಯಲ್ಲಿ ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ವಂದಿಸಿದವರು ಎಲ್ಲರ ಹೆಸರೂ ಇರುತ್ತದೆ. ಡ್ರಮ್ಸ್ ನುಡಿಸಿದವರು ಯಾರು, ಧ್ವನಿಮುದ್ರಣ ನಡೆದದ್ದೆಲ್ಲಿ, ಹಾಡುಗಳು ಯಾವುದರ ಬಗ್ಗೆ ಎಂಬುದು ಮಾತ್ರ ಇರುವುದಿಲ್ಲ.

ಪ್ರಚಾರವೇ ಆಲ್ಬಮನ್ನು ನುಂಗಿದ್ದು ಹೊಸತೇನಲ್ಲ. ಇಂಗ್ಲೆಂಡಿನ ಪ್ರಸಿದ್ಧ ತಂಡ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1969ರ ಕೊನೆಯಲ್ಲಿ ಲಂಡನ್ನಿನ ಮನೆಯಲ್ಲಿ ಧ್ವನಿಮುದ್ರಣ ಆರಂಭಿಸಿ, ವಾದ್ಯಗಳನ್ನೆಲ್ಲ ತಾವೇ ನುಡಿಸಿ 1970ರಲ್ಲಿ ತಮ್ಮ ಮೊದಲ ಏಕವ್ಯಕ್ತಿ ಆಲ್ಬಂ ಸಿದ್ಧಪಡಿಸಿದ್ದರು. ಪತ್ರಕರ್ತರಿಗೆ ಕಳುಹಿಸಿದ ಪ್ರತಿಗಳ ಜೊತೆಗಿಟ್ಟ ಪ್ರಶ್ನೋತ್ತರದಲ್ಲಿ ತಂಡದೊಂದಿಗಿನ ಬಿರುಕು ಬಯಲಾದದ್ದೇ ತಡ, ಬೀಟಲ್ಸ್ ಒಡೆದ ಸುದ್ದಿಯೇ ತಲೆಬರಹವಾಯಿತು. ವಾರದ ಬಳಿಕ ಹೊರಬಂದ ಹಾಡುಗಳನ್ನು ಜನ ಆ ಗದ್ದಲದ ನಡುವೆಯೇ ಕೇಳಬೇಕಾಯಿತು.

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 'ನೆಬ್ರಾಸ್ಕಾ' ಆಲ್ಬಂ ಹುಟ್ಟಿದ ಬಗೆಯನ್ನು ನಮ್ಮ ಹುಡುಗರು ಅಗತ್ಯವಾಗಿ ತಿಳಿಯಬೇಕು. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರಲ್ಲಿ ಕುಳಿತು, ನಾಲ್ಕು ಟ್ರ್ಯಾಕಿನ (ನಾಲ್ಕು ಧ್ವನಿಗಳನ್ನು ಬೇರೆಬೇರೆಯಾಗಿ ಮುದ್ರಿಸುವ) ಕ್ಯಾಸೆಟ್ ಯಂತ್ರದಲ್ಲಿ ಅವರು ಆ ಹಾಡುಗಳನ್ನು ಮುದ್ರಿಸಿಕೊಂಡದ್ದು ತಂಡಕ್ಕೆ ಕೇಳಿಸುವ ಮಾದರಿಯಾಗಿ ಮಾತ್ರ. ಡಬ್ಬಿಯೂ ಇಲ್ಲದ ಆ ಕ್ಯಾಸೆಟ್ಟು ಅವರ ಜೇಬಿನಲ್ಲೇ ಓಡಾಡಿತು. ಸ್ಟುಡಿಯೋದಲ್ಲಿ ತಂಡದ ಜೊತೆ ಮತ್ತೆ ಹಾಡಿದರೂ ಮೊದಲಿನ ಜೀವ ಬರಲಿಲ್ಲವೆಂದು, ಕೊನೆಗೆ ಆ ಕ್ಯಾಸೆಟ್ಟಿನ ಮುದ್ರಣವನ್ನೇ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದರು. ಅದಕ್ಕಾಗಿ ಸಂಗೀತ ಕಛೇರಿಗಳ ಪ್ರವಾಸವನ್ನೂ ಮಾಡಲಿಲ್ಲ.

ಕಾರವಾರ, ಕುಮಟಾ, ಶಿರಸಿಗಳಲ್ಲೂ ಮನೆಯ ಕೋಣೆಯೇ ಸ್ಟುಡಿಯೋ. ಕಿಟಕಿಗೆ ಕಂಬಳಿ ಕಟ್ಟಿ, ಹಂಚಿನ ಮಾಡಿನ ಮೇಲೆ ಸುರಿಯುವ ಮಳೆ ಹೊಳವಾಗುವುದನ್ನು ಕಾದು, ಕರೆಂಟು ಇರುವಷ್ಟರಲ್ಲಿ ಒಂದು ಚರಣ ಮುಗಿಸುವ ಶ್ರಮ ಸಣ್ಣದಲ್ಲ. (ಆಷಾಢದ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.) ಹೀಗೆ ದುಡಿದವರಿಗೆ ಹಾರ ತುರಾಯಿಯ ಫೋಟೋಗಿಂತ, ಹಾಡು ಕೇಳಿದ ಒಬ್ಬರ ಪ್ರಾಮಾಣಿಕ ಅಭಿಪ್ರಾಯ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದು ಕಟುವಾಗಿದ್ದರೂ ಸರಿಯೇ.

ಆದ್ದರಿಂದ ತಮ್ಮ ಜಿಲ್ಲಾ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ಸ್ಥಳೀಯ ಆಲ್ಬಮುಗಳ ವಿಮರ್ಶೆಗೆ ಜಾಗ ಕೊಡಬೇಕು, ಬಿಡುಗಡೆಯ ವರದಿಯಲ್ಲಿ ವೇದಿಕೆಯ ಗಣ್ಯರಿಗಿಂತ ಮೊದಲು ವಾದ್ಯಗಾರರ ಮತ್ತು ಧ್ವನಿಮುದ್ರಕರ ಹೆಸರು ಬರುವಂತೆ ತಮ್ಮ ವರದಿಗಾರರಿಗೆ ಸೂಚಿಸಬೇಕು ಎಂದು ವಿನಂತಿಸುತ್ತೇನೆ.

– ಓದುಗ, ಕಾರವಾರ