ಹಲಗೆ ಬೀಳಿಸಿದವನಿಗೂ, ಉಳಿದವರಿಗೂ

ಮೊನ್ನೆ ಭಾನುವಾರ ನಮ್ಮ ಏಕವ್ಯಕ್ತಿ ನಾಟಕದ 25ನೇ ಪ್ರಯೋಗ ಮುಗಿಯಿತು. ಕೊನೆಗೆ ಎಲ್ಲರಿಗೂ ವಂದನೆ ಹೇಳಬೇಕಿತ್ತು. ಗಂಟಲು ಕಟ್ಟಿ, ಸುಮ್ನೆ ಕೈ ಮುಗಿದು ಒಳಗೆ ಹೋದೆ. ಅದಕ್ಕೇ ಈ ಬರಹ.

ನಾಟಕ ನೋಡದವರಿಗೆ ಎರಡು ಮಾತು. 1966ರ ಸೆಪ್ಟೆಂಬರ್ 6. ಕೇಪ್‌ಟೌನ್‌ನ ಸಂಸತ್ತಿನೊಳಗೇ ದಕ್ಷಿಣ ಆಫ್ರಿಕಾದ ಪ್ರಧಾನಿ ವರ್ವೂರ್ಡ್‌ಗೆ ಚೂರಿ ಬಿತ್ತು. ವರ್ಣಭೇದ ನೀತಿಯನ್ನು ಗಟ್ಟಿಯಾಗಿ ಕಟ್ಟಿದ ಮನುಷ್ಯ ಅವರು. ಇರಿದವನು ಅಲ್ಲಿನ ಜವಾನ, ಡಿಮಿಟ್ರಿ ತ್ಸಫೆಂಡಾಸ್. ನಾನು ಆಡೋದು ಅವನ ಪಾತ್ರ. ಅಪ್ಪ ಗ್ರೀಕ್, ಅಮ್ಮ ಮೊಜಾಂಬಿಕ್‌ನ ಮಿಶ್ರವರ್ಣದವಳು. ಕಾಗದದಲ್ಲಿ ಇವನು ಬಿಳಿಯ! ವರ್ವೂರ್ಡ್ ನೀತಿ ಕಂಡು ಹೇಸಿಗೆಯಾಗಿತ್ತು ಅಂತ ಪೊಲೀಸರಿಗೆ ಹೇಳಿದ್ದ. ಆದರೆ ಕೋರ್ಟಿನಲ್ಲಿ ಸದ್ದು ಮಾಡಿದ್ದು, ಹೊಟ್ಟೆಯೊಳಗೆ ದೊಡ್ಡ ಲಾಡಿಹುಳು ಇದೆ ಅನ್ನೋ ಅವನ ನಂಬಿಕೆ. ಬುದ್ಧಿ ಸ್ಥಿಮಿತವಿಲ್ಲ, ವಿಚಾರಣೆ ಸಾಧ್ಯವಿಲ್ಲ ಎಂದರು ನ್ಯಾಯಾಧೀಶ ಬೇಯರ್ಸ್.

ಮೊದಲ ಹತ್ತು ಪ್ರಯೋಗಗಳಲ್ಲಿ ನಾನೂ ಹುಳವನ್ನೇ ಆಡಿದೆ. ಹೊಟ್ಟೆ ಹಿಡಿದು ಹೊರಳಾಡೋದು, ಕಣ್ಣು ತಿರುಗಿಸೋದು. ಜನ ನಕ್ಕರು, ಚಪ್ಪಾಳೆಯೂ ಬಿತ್ತು. ಮೈಸೂರಿನಲ್ಲಿ ಒಬ್ಬ ಹಿರಿಯ ಮೇಡಂ ಗ್ರೀನ್‌ರೂಮಿಗೆ ಬಂದು, "ಚೆನ್ನಾಗಿ ಒದ್ದಾಡ್ತೀಯಪ್ಪ. ಆದ್ರೆ ನೀನು ಆಡ್ತಿರೋದು ಜಡ್ಜ್ ತೀರ್ಪನ್ನ, ಅವನನ್ನಲ್ಲ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಹುಳದ ಮಾತನ್ನು ಕುರ್ಚಿಯಲ್ಲಿ ಕೂತು, ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳುತ್ತೇನೆ. ಯಾರೂ ನಗಲ್ಲ. ಮೇಡಂ, ಮೊದಲ ಕೃತಜ್ಞತೆ ನಿಮಗೇ.

ಎರಡನೆಯದು ಸೈಡ್‌ವಿಂಗಿನ ನಮ್ಮ ಹುಡುಗನಿಗೆ. ಪ್ರಿಟೋರಿಯಾ ಜೈಲಿನಲ್ಲಿ ತ್ಸಫೆಂಡಾಸ್‌ನ ಕೋಣೆ ಇದ್ದದ್ದು ನೇಣಿನ ಮನೆಯ ಪಕ್ಕ. ಒಮ್ಮೆಗೆ ಏಳು ಜನರನ್ನು ನೇಣಿಗೇರಿಸಬಹುದಾದ ಜಾಗ. ಎಷ್ಟೋ ವರ್ಷ ಅವನು ನೇಣಿನ ಹಲಗೆ ಬೀಳುವ ಸದ್ದಿನ ಪಕ್ಕ ಬದುಕಿದ. ನಾಟಕಕ್ಕೆ ಸ್ಪೀಕರ್‌ನಲ್ಲಿ ಹಾಕಿದ ಆ ಸದ್ದು ಯಾಕೋ ಡಬ್ಬ ಬಿದ್ದ ಹಾಗೆ ಕೇಳ್ತಿತ್ತು. ಇವನು ಮನೆಯ ಹಳೇ ಮಂಚದ ಹಲಗೆಯೊಂದನ್ನು ಹೊತ್ತು ತಂದ. ಎದೆಮಟ್ಟಕ್ಕೆ ಎತ್ತಿ ಕೈ ಬಿಡ್ತಾನೆ. ಬೀಳುತ್ತೆ ಅಂತ ಗೊತ್ತಿದ್ದೂ 25 ಸಲವೂ ಬೆಚ್ಚಿದ್ದೇನೆ. ಅದು ನಟನೆಯಲ್ಲ.

ಜವಾನನ ಕೋಟು ಹೊಲಿದ ಅಮ್ಮನಿಗೆ, ಮಧ್ಯರಾತ್ರಿ "ನಾನೇ ಕೊಂದೆ" ಅಂತ ಕೂಗಿದರೂ ಪೊಲೀಸರಿಗೆ ಫೋನ್ ಮಾಡದ ಕೆಳಗಿನ ಮನೆಯವರಿಗೆ, ಖಾಲಿ ಕುರ್ಚಿಗಳ ಮಧ್ಯೆಯೂ ಬಂದು ಕೂತ ನಿಮಗೆಲ್ಲ ಶರಣು.

ಹಲಗೆ ಸದ್ಯ ನಮ್ಮನೆಯಲ್ಲಿದೆ. ತಮ್ಮಾ, ನಿಮ್ಮಮ್ಮ ಮಂಚ ಜೋಡಿಸಬೇಕಂತೆ. ಬಂದು ತಗೊಂಡು ಹೋಗು.