ಮಗಳಿಗೊಂದು ಪತ್ರ: ಕಪ್ಪು ಚೀಲ ಬಿಚ್ಚುವ ಮೊದಲು

ಮೈಸೂರು, ಭಾನುವಾರ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿಯ ಮಾತನ್ನು ಮತ್ತೆ ಎತ್ತುವುದಿಲ್ಲ. ಯಾರು ಏನಂದರು ಅನ್ನುವುದು ಇಬ್ಬರಿಗೂ ನೆನಪಿದೆ. ದನಿ ಏರಿಸಿದ್ದು ನನ್ನ ತಪ್ಪು. ಶನಿವಾರ ನೀನು ಆ ಮನೆಯ ಬೀಗ ತೆಗೆಯುವ ಮೊದಲು ಇದು ನಿನ್ನ ಕೈ ಸೇರಬೇಕು, ಅದಕ್ಕೇ ಬರೆಯಲು ಕೂತೆ.

ಯುರೋಪಿನಿಂದ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದು, ಮಕ್ಕಳಿಗಾಗಿ ಬರೆದು, ಅದಕ್ಕೆ ತಾನೇ ಚಿತ್ರ ಬಿಡಿಸಿ ಬದುಕಿದ ಹೆಂಗಸಿನ ಒಂದು ಜನ್ಮದ ಕಾಗದಗಳನ್ನು ವಿಂಗಡಿಸಿ ಗ್ರಂಥಾಲಯಕ್ಕೆ ಸಿದ್ಧಪಡಿಸಲು ಆಕೆಯ ಮನೆಯವರು ನಿನಗೆ ಒಪ್ಪಿಸಿದ್ದಾರೆ. ಸಣ್ಣ ನಂಬಿಕೆಯಲ್ಲ ಅದು. ಬೀದಿಯಲ್ಲಿ ಎದುರಾದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಆದರೆ ನೀನು, ‘ಮೊದಲ ದಿನವೇ ಬಿಲ್ಲು, ಲಕೋಟೆ, ಹಳೇ ಡೈರಿ ಎಲ್ಲ ಕಸದ ಕಪ್ಪು ಚೀಲಕ್ಕೆ ತುಂಬಿಬಿಟ್ಟರೆ ಅರ್ಧ ಕೆಲಸ ಮುಗೀತಪ್ಪ’ ಅಂದೆಯಲ್ಲ, ಆ ಚೀಲ ರಾತ್ರಿಯೆಲ್ಲ ಕಣ್ಣ ಮುಂದೆ ನಿಂತಿತ್ತು.

ಹಾನ್ಸ್ ರೇ, ಮಾರ್ಗರೆಟ್ ರೇ ದಂಪತಿಯ ಸಂಗತಿ ತಗೋ. ಕ್ಯೂರಿಯಸ್ ಜಾರ್ಜ್ ಅನ್ನುವ ಕೋತಿಮರಿಯನ್ನು ಹುಟ್ಟಿಸಿದವರು. ಇಬ್ಬರೂ ಹ್ಯಾಂಬರ್ಗ್‌ನ ಯೆಹೂದಿಗಳು. 1935ರಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ಮದುವೆಯಾಗಿ ಪ್ಯಾರಿಸ್‌ಗೆ ಬಂದು ನೆಲೆಸಿದರು. 1940ರ ಜೂನ್ 14ಕ್ಕೆ ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕಿತು. ಅದಕ್ಕೆ ಎರಡೇ ದಿನ ಮೊದಲು, ಜೂನ್ 12ರ ಬೆಳಿಗ್ಗೆ, ಹಾನ್ಸ್ ಬಿಡಿಭಾಗ ಕೂಡಿಸಿ ಜೋಡಿಸಿದ್ದ ಎರಡು ಸೈಕಲ್ ಹತ್ತಿ ಊರು ಬಿಟ್ಟರು. ಸೈಕಲ್ ಮೇಲೆ ಕಟ್ಟಿಕೊಂಡಿದ್ದ ಸಾಮಾನಿನಲ್ಲಿ ಕೋತಿಯ ಕತೆಯ ಹಸ್ತಪ್ರತಿಯೂ ಇತ್ತು. ಆಗ ಕೋತಿಯ ಹೆಸರು ಫೀಫಿ. ಸ್ಪೇನ್, ಲಿಸ್ಬನ್, ಮತ್ತೆ ರಿಯೋ ದಾಟಿ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಮುಟ್ಟಿದರು. 1941ರಲ್ಲಿ ಬಾಸ್ಟನ್ನಿನ ಹೌಟನ್ ಮಿಫ್ಲಿನ್ ಆ ಪುಸ್ತಕ ಹೊರತಂದಿತು.

ಈ ಪಯಣದ ವಿವರ ನಮಗೆ ಗೊತ್ತಾದದ್ದು ಕೋತಿಯ ಚಿತ್ರಗಳಿಂದಲ್ಲ, ಪುಟ್ಟಿ. ಹಾನ್ಸ್ ಜೇಬಿನಲ್ಲಿಡುತ್ತಿದ್ದ ಸಣ್ಣ ದಿನಚರಿಯಿಂದ, ಪತ್ರಗಳಿಂದ, ಫೋಟೋಗಳಿಂದ. ದಕ್ಷಿಣ ಮಿಸಿಸಿಪಿ ವಿಶ್ವವಿದ್ಯಾಲಯ ಇರುವ ಹ್ಯಾಟೀಸ್‌ಬರ್ಗ್‌ನಲ್ಲಿ ಲೀನಾ ಡಿ ಗ್ರಮಂಡ್ ಎಂಬ ಗ್ರಂಥಾಲಯ ಶಾಸ್ತ್ರದ ಅಧ್ಯಾಪಕಿ 1966ರಲ್ಲಿ ಮಕ್ಕಳ ಲೇಖಕರಿಗೆಲ್ಲ ಕಾಗದ ಬರೆದು, ನಿಮ್ಮ ಹಸ್ತಪ್ರತಿ, ಕರಡು ಚಿತ್ರಗಳನ್ನು ಕೊಡಿ ಅಂತ ಕೇಳಲು ಶುರುಮಾಡಿದರು. ರೇ ದಂಪತಿ ಕೊಟ್ಟರು. 1996ರಲ್ಲಿ ಮಾರ್ಗರೆಟ್ ತೀರಿಕೊಂಡ ಮೇಲೆ ಅವರ ಉಯಿಲಿನಂತೆ ಉಳಿದ ಸಾಹಿತ್ಯದ ಕಾಗದಗಳೂ ಅಲ್ಲಿಗೇ ಹೋದವು. ಲೂಯಿಸ್ ಬೋರ್ಡನ್ ಎಂಬ ಲೇಖಕಿ ಅಲ್ಲಿ ಕೂತು, ಆ ದಿನಚರಿಯನ್ನು ತಿರುವಿ, ದಂಪತಿ ಓಡಿದ ದಾರಿಯನ್ನು ಊರೂರಾಗಿ ಹುಡುಕಿ 2005ರಲ್ಲಿ ಪುಸ್ತಕ ಮಾಡಿದರು. ಮನೆ ಖಾಲಿ ಮಾಡಲು ಬಂದವರ ಕಣ್ಣಿಗೆ ಅಂಥ ದಿನಚರಿ ಏನಾಗಿ ಕಾಣುತ್ತದೆ? ಅವಧಿ ಮುಗಿದ ಹಳೇ ಡೈರಿ. ನೇರ ಚೀಲಕ್ಕೆ.

ದೇಶ ಬಿಟ್ಟು ಬಂದವರ ಕಾಗದ ಮೊದಲೇ ತೆಳು. ಹುಟ್ಟಿದ ಊರಿನಲ್ಲಿ ಬಿಟ್ಟದ್ದು ಬಿಟ್ಟೇ ಹೋಯಿತು. ಜೊತೆಗೆ ಬಂದದ್ದು ಒಂದು ಪೆಟ್ಟಿಗೆಯಷ್ಟು. ಅದಕ್ಕೇ ಒಂದು ಬಾಡಿಗೆ ರಸೀದಿ ಕೂಡ ಅವರು ಯಾವ ತಿಂಗಳು ಯಾವ ಬೀದಿಯಲ್ಲಿದ್ದರು ಅಂತ ಹೇಳುವ ಏಕೈಕ ಸಾಕ್ಷಿ ಆಗಿರಬಹುದು. ಲಕೋಟೆಯ ಅಂಚೆಮುದ್ರೆ ಇಲ್ಲದಿದ್ದರೆ ದಿನಾಂಕ ಬರೆಯದ ಪತ್ರ ಯಾವ ವರ್ಷದ್ದೋ ತಿಳಿಯುವುದಿಲ್ಲ. ಲಕೋಟೆಯನ್ನು ಪತ್ರದಿಂದ ಬೇರೆ ಮಾಡಲೇಬೇಡ.

ಮೊದಲ ದಿನ ಏನನ್ನೂ ಮುಟ್ಟಬೇಡ, ಬರೀ ಫೋಟೋ ತೆಗಿ. ಪ್ರತಿ ಕೋಣೆಯನ್ನೂ ಬಾಗಿಲಿನಿಂದ ಶುರುಮಾಡಿ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ. ಆಮೇಲೆ ಒಂದೊಂದು ಖಾನೆಯನ್ನೂ ತೆರೆದು, ಒಳಗಿದ್ದುದನ್ನು ಇದ್ದ ಹಾಗೇ. ಕೋಣೆ, ಬೀರು, ಖಾನೆ ಮೂರಕ್ಕೂ ಸಂಖ್ಯೆ ಕೊಡು. 2-1-4 ಅಂದರೆ ಎರಡನೇ ಕೋಣೆ, ಮೊದಲ ಬೀರು, ನಾಲ್ಕನೇ ಖಾನೆ. ಅಲ್ಲಿಂದ ತೆಗೆದ ಕಟ್ಟಿನ ಜೊತೆ ಆ ಸಂಖ್ಯೆಯ ಚೀಟಿ ಕೊನೆಯವರೆಗೂ ಇರಲಿ. ‘ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸ್ತೀನಿ’ ಅಂದೆ ನೀನು. ಬೇಡ. ಪ್ರಕಾಶಕರ ಪತ್ರದ ಪಕ್ಕದಲ್ಲಿ ಆಕೆ ಒಂದು ಚಿತ್ರದ ಕರಡು ಇಟ್ಟಿದ್ದರೆ, ಆ ಪತ್ರ ಓದಿದ ಮೇಲೇ ಆ ಚಿತ್ರ ಬದಲಾಗಿರಬಹುದು. ನೀನು ಅವನ್ನು ಬೇರೆ ಬೇರೆ ಪೆಟ್ಟಿಗೆಗೆ ಹಾಕಿದ ಕ್ಷಣ ಆ ನಂಟು ಹರಿದುಹೋಯಿತು. ಆಕೆಯ ಅಸ್ತವ್ಯಸ್ತವೂ ಒಂದು ಕ್ರಮವೇ. ನಮಗೆ ತಿಳಿಯದಿದ್ದರೂ ಅದನ್ನು ಉಳಿಸಬೇಕು.

ಬರೆಯಲು ಮೆತ್ತನೆಯ ಪೆನ್ಸಿಲ್ ಮಾತ್ರ, 2ಬಿ ಸಾಕು. ಕಾಗದಕ್ಕೆ ಹತ್ತಿಯ ಕೈಗವಸು ಬೇಡ, ಬೆರಳಿನ ಹಿಡಿತ ತಪ್ಪಿ ಅಂಚು ಹರಿಯುತ್ತದೆ. ಸೋಪು ಹಾಕಿ ತೊಳೆದು ಒಣಗಿಸಿದ ಕೈಯೇ ಒಳ್ಳೆಯದು. ಫೋಟೋ, ನೆಗೆಟಿವ್ ಮುಟ್ಟುವಾಗ ಮಾತ್ರ ನೈಟ್ರೈಲ್ ಎಂಬ ತೆಳು ರಬ್ಬರಿನ ಕೈಗವಸು ಹಾಕಿಕೋ. ತುಕ್ಕು ಹಿಡಿದ ಕ್ಲಿಪ್ಪನ್ನು ಎಳೆಯಬೇಡ. ಕ್ಲಿಪ್ಪಿಗೂ ಕಾಗದಕ್ಕೂ ನಡುವೆ ಎರಡೂ ಕಡೆ ತೆಳುವಾದ ಪಾಲಿಯೆಸ್ಟರ್ ಪಟ್ಟಿ ತೂರಿಸಿ, ಕಾಗದವನ್ನು ಮೇಜಿಗೆ ಒತ್ತಿ ಹಿಡಿದು, ಕ್ಲಿಪ್ಪನ್ನು ಪಟ್ಟಿಯ ಮೇಲೆ ಜಾರಿಸು. ಕರಗಿ ಅಂಟಿದ ರಬ್ಬರ್ ಬ್ಯಾಂಡ್ ಕೆರೆಯಬೇಡ, ಸೆಲ್ಲೋ ಟೇಪ್ ಕೀಳಬೇಡ. ಅದರ ಜೊತೆ ಅಕ್ಷರವೂ ಎದ್ದು ಬರುತ್ತದೆ. ಅದು ದುರಸ್ತಿ ಬಲ್ಲವರ ಕೆಲಸ.

ಇನ್ನು ಚಿತ್ರಗಳು. ಇಲ್ಲಿ ನನಗೆ ಭಯ ಇನ್ನೂ ಜಾಸ್ತಿ, ಯಾಕೆಂದರೆ ಇಲ್ಲಿ ಕಸದಂತೆ ಕಾಣುವುದೇ ಮೂಲ. ಆ ಕಾಲದ ಅಮೆರಿಕದಲ್ಲಿ ಖರ್ಚು ಉಳಿಸಲು ಅನೇಕ ಪ್ರಕಾಶಕರು ಬಣ್ಣ ಬೇರ್ಪಡಿಸುವ ಕೆಲಸವನ್ನು ಚಿತ್ರಕಾರರಿಗೇ ವಹಿಸುತ್ತಿದ್ದರು. ನಾಲ್ಕು ಬಣ್ಣದ ಒಂದು ಪುಟಕ್ಕೆ ನಾಲ್ಕು ಹಾಳೆ: ಕಪ್ಪು ಗೆರೆಯ ಮುಖ್ಯ ಚಿತ್ರ ಒಂದು, ಉಳಿದ ಒಂದೊಂದು ಬಣ್ಣಕ್ಕೆ ಒಂದೊಂದು. ಮುದ್ರಣಾಲಯದ ಕ್ಯಾಮೆರಾಕ್ಕೆ ಬೇಕಾದದ್ದು ಗಾಢತೆ ಮಾತ್ರ, ಹಾಗಾಗಿ ಹಳದಿಗೆ ಬರೆದ ಹಾಳೆಯೂ ಬೂದು, ಕಪ್ಪಿನಲ್ಲೇ ಇರುತ್ತದೆ. ಪಾರದರ್ಶಕ ಹಾಳೆಯ ಮೇಲೆ ಅರ್ಥವಿಲ್ಲದ ಕಪ್ಪು ತೇಪೆಗಳು, ಮೂಲೆಯಲ್ಲಿ ಸಣ್ಣ ಕೂಡುಗುರುತು. ನೋಡಿದವರು ಕೆಟ್ಟುಹೋದ ಹಾಳೆ ಅಂದುಕೊಳ್ಳುತ್ತಾರೆ. ಆ ಕೂಡುಗುರುತುಗಳನ್ನು ಒಂದರ ಮೇಲೊಂದು ಹೊಂದಿಸಿ ಮುದ್ರಿಸಿದರೇ ಬಣ್ಣದ ಚಿತ್ರ. ನಾಲ್ಕರಲ್ಲಿ ಒಂದು ಚೀಲಕ್ಕೆ ಹೋದರೂ ಉಳಿದ ಮೂರು ಅನಾಥ.

ಆ ಹಾಳೆಗಳನ್ನು ಮೂಸಿ ನೋಡು. ವಿನಿಗರ್ ವಾಸನೆ ಬಂದರೆ ಆ ಪಾರದರ್ಶಕ ಹಾಳೆಯ ಪ್ಲಾಸ್ಟಿಕ್, ಅಂದರೆ ಅಸಿಟೇಟ್, ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅದರಿಂದ ಏಳುವ ಆಮ್ಲ ಪಕ್ಕದ ಹಾಳೆಗಳನ್ನೂ ಕೆಡಿಸುತ್ತದೆ. ಅಂಥವನ್ನು ಬೇರೆ ಪೆಟ್ಟಿಗೆಗೆ ಹಾಕಿ, ಗಾಳಿಯಾಡುವ ತಂಪಿನಲ್ಲಿಟ್ಟು, ಜೊತೆಯ ಹಾಳೆ ಎಲ್ಲಿದೆ ಅಂತ ಎರಡೂ ಕಡೆ ಚೀಟಿ ಬರೆ. ರಬ್ಬರ್ ಅಂಟಿನಿಂದ ಹಚ್ಚಿದ ಅಕ್ಷರದ ತುಣುಕುಗಳು ಕಂದಾಗಿ ಉದುರಿರುತ್ತವೆ. ಖಾನೆಯ ತಳದಲ್ಲಿ ಬಿದ್ದ ಉಗುರಿನಷ್ಟು ಕಾಗದವನ್ನೂ ಆರಿಸಿ ಲಕೋಟೆಗೆ ಹಾಕಿ, ಖಾನೆಯ ಸಂಖ್ಯೆ ಬರೆ. ಇದ್ದಿಲು, ಪ್ಯಾಸ್ಟೆಲ್‌ನ ಚಿತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಅದರ ಸ್ಥಾಯೀ ವಿದ್ಯುತ್ತು ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಅವು ರಟ್ಟಿನ ಚೌಕಟ್ಟಿನೊಳಗೆ, ಮೇಲ್ಮೈಗೆ ಏನೂ ತಾಗದಂತೆ ಮಲಗಿರಬೇಕು. ಬಾಗಿಲು ಕಿಟಕಿಯ ಬಣ್ಣದ ಡಬ್ಬಿ ಪಕ್ಕದಲ್ಲಿ ಸುರುಳಿ ಸುತ್ತಿಟ್ಟ ಟ್ರೇಸಿಂಗ್ ಹಾಳೆ ಸಿಕ್ಕರೆ ಬಲವಂತದಿಂದ ಬಿಡಿಸಬೇಡ, ಒಣಗಿದ್ದರೆ ಹಪ್ಪಳದಂತೆ ಮುರಿಯುತ್ತದೆ.

32 ಪುಟದ ಕೈಹೊಲಿಗೆಯ ಕರಡು ಪುಸ್ತಕಗಳು ಒಂದೇ ಕತೆಗೆ ಮೂರು ನಾಲ್ಕು ಸಿಗಬಹುದು. ‘ಒಂದು ಸಾಕು, ಚೆನ್ನಾಗಿರೋದನ್ನ ಇಟ್ಟುಕೊಳ್ಳೋಣ’ ಅಂತ ಮನೆಯವರು ಅಂದೇ ಅನ್ನುತ್ತಾರೆ. ಚೆನ್ನಾಗಿಲ್ಲದ್ದೇ ಬೇಕು. ಎಲ್ಲಿ ಎಡವಿ ಎಲ್ಲಿ ತಿದ್ದಿಕೊಂಡರು ಅನ್ನುವುದು ಅದರಲ್ಲೇ ಇರುವುದು. ಫೀಫಿ ಯಾವಾಗ ಜಾರ್ಜ್ ಆಯಿತು ಅಂತ ಹುಡುಕುವವರಿಗೆ ಅಚ್ಚಾದ ಪುಸ್ತಕದಿಂದ ಏನೂ ಸಿಗದು. ಇಂಗ್ಲೆಂಡಿನಲ್ಲಿ ಆಗ ದೊರೆಯ ಹೆಸರೇ ಜಾರ್ಜ್ ಆಗಿದ್ದರಿಂದ ಅಲ್ಲಿ ಕೋತಿಗೆ ಝೋಝೋ ಅಂತ ಇನ್ನೊಂದು ಹೆಸರಿಟ್ಟರು. ಒಂದು ಕೋತಿಗೆ ಮೂರು ಹೆಸರು, ಮೂರು ದೇಶ.

ಮತ್ತೆ ಆ ಚೀಲದ ಮಾತಿಗೇ ಬಂದೆ, ಬೇಸರ ಪಡಬೇಡ. ನಿನಗೆ ಓದಲು ಬಾರದ ಲಿಪಿಯ ಕಾಗದಗಳು ಕಟ್ಟುಗಟ್ಟಲೆ ಸಿಗುತ್ತವೆ. ಜರ್ಮನ್ನಿನ ಹಳೆಯ ಕೂಡಿಸಿ ಬರೆಯುವ ಕೈಬರಹ ಈಗಿನ ಜರ್ಮನ್ನರಿಗೇ ಓದಲು ಕಷ್ಟ. ಮೊಮ್ಮಕ್ಕಳು ‘ಇದು ಯಾರಿಗೂ ಅರ್ಥ ಆಗಲ್ಲ’ ಅಂತ ಕೈಚೆಲ್ಲುತ್ತಾರೆ. ಅಲ್ಲೇ ನೀನು ಗಟ್ಟಿಯಾಗಿ ನಿಲ್ಲಬೇಕು. ಓದಲಾಗದ್ದನ್ನು ‘ಓದಿಲ್ಲ’ ಅಂತ ಬರೆದು ಇಟ್ಟರೆ ಸಾಕು, ಅರ್ಥ ಊಹಿಸಿ ಹೆಸರು ಬರೆಯಬೇಡ. ಪಾಸ್‌ಪೋರ್ಟ್, ವೀಸಾ, ಪೌರತ್ವದ ಪತ್ರಗಳನ್ನು ಮನೆಯವರು ತಾವೇ ಇಟ್ಟುಕೊಳ್ಳುತ್ತೇವೆ ಅಂದರೆ ಪ್ರತಿ ಪುಟವನ್ನೂ, ಖಾಲಿ ಪುಟವನ್ನೂ ಸೇರಿಸಿ, ಸ್ಕ್ಯಾನ್ ಮಾಡಿಕೊಂಡು ಕೊಡು. ರೇ ದಂಪತಿಯನ್ನು ಗಡಿ ದಾಟಿಸಿದ್ದು ಬ್ರೆಜಿಲ್‌ನ ಪಾಸ್‌ಪೋರ್ಟೇ.

ಅಟ್ಟದಲ್ಲಿ, ನೆಲಮಾಳಿಗೆಯಲ್ಲಿ ಏನಿದ್ದರೂ ಫೋಟೋ ತೆಗೆದು ಸಂಖ್ಯೆ ಕೊಟ್ಟ ಕೂಡಲೇ ಕೆಳಗೆ ಅಥವಾ ಮೇಲೆ ತಂದುಬಿಡು. ಬೇಸಿಗೆಯ ಅಟ್ಟ ಕಾಗದವನ್ನು ಬೇಯಿಸುತ್ತದೆ, ನೆಲಮಾಳಿಗೆ ಬೂಷ್ಟು ಹಿಡಿಸುತ್ತದೆ. ಬೂಷ್ಟು ಕಂಡರೆ ಎನ್95 ಮುಖಗವಸು ಹಾಕಿಕೊಂಡು ಅವನ್ನು ಬೇರೆ ಇಡು. ಒದ್ದೆ ಕಾಗದವನ್ನು ಹಾಗೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ 48 ಗಂಟೆಯಲ್ಲೇ ಬೂಷ್ಟು ಹರಡಬಹುದು. ಪೆಟ್ಟಿಗೆ, ಕಡತ ಆಮ್ಲರಹಿತವಾಗಿರಲಿ. ಒಂದು ಕಡತಕ್ಕೆ ಒಂದು ಬೆರಳು ದಪ್ಪಕ್ಕಿಂತ ಹೆಚ್ಚು ತುಂಬಬೇಡ, ಪೆಟ್ಟಿಗೆಯನ್ನು ಅರ್ಧ ಖಾಲಿಯೂ ಬಿಡಬೇಡ, ಕಾಗದ ಬಾಗಿ ಕುಸಿಯುತ್ತದೆ. ಪಿವಿಸಿ ಕವರುಗಳು ಬೇಡವೇ ಬೇಡ.

ಹಕ್ಕಿನ ವಿಷಯದಲ್ಲಿ ಮನೆಯವರಿಗೆ ಮೊದಲೇ ಬಿಡಿಸಿ ಹೇಳು, ಆಮೇಲೆ ಮನಸ್ತಾಪ ಬೇಡ. ಕಾಗದದ ಒಡೆತನ ಬೇರೆ, ಅದರಲ್ಲಿರುವ ಬರಹದ ಹಕ್ಕು ಬೇರೆ. ಆಕೆಗೆ ಬಂದ ಪತ್ರದ ಹಾಳೆ ಆಕೆಯ ಮನೆಯವರದು, ಅದರ ಮಾತಿನ ಹಕ್ಕು ಬರೆದವರದು. ಗ್ರಂಥಾಲಯಕ್ಕೆ ಕೊಡುವಾಗ ಬರೆಯುವ ದಾನಪತ್ರದಲ್ಲಿ ಹಕ್ಕು ಯಾರಲ್ಲಿ ಉಳಿಯುತ್ತದೆ, ಬದುಕಿರುವವರ ಪತ್ರಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು, ಗ್ರಂಥಾಲಯಕ್ಕೆ ಬೇಡವಾದದ್ದು ಮರಳಿ ಬರುತ್ತದೋ ಇಲ್ಲವೋ, ಈ ಮೂರೂ ಸ್ಪಷ್ಟವಾಗಿರಲಿ. ಆ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಮನೆಯವರು ಈ ದಾನಕ್ಕೆ ತೆರಿಗೆ ವಿನಾಯಿತಿ ಕೇಳುವುದಿದ್ದರೆ ಬೆಲೆ ಕಟ್ಟುವವರು ಆ ಗ್ರಂಥಾಲಯದವರಾಗಿರಬಾರದು, ಹೊರಗಿನವರೇ ಆಗಬೇಕು.

ಪಾಠ ಹೇಳಬಾರದು ಅಂದುಕೊಂಡೇ ಕೂತಿದ್ದೆ. ಇಷ್ಟುದ್ದ ಆಯಿತು. ನಿನಗೆ ಇದರಲ್ಲಿ ಬಹಳಷ್ಟು ನನಗಿಂತ ಚೆನ್ನಾಗಿ ಗೊತ್ತು, ಓದಿ ಬಂದವಳು ನೀನು. ಆದರೂ ಮೊದಲೆರಡು ದಿನ ಮೈ ದಣಿದಿರುತ್ತದೆ, ಮನೆಯವರು ಪಕ್ಕದಲ್ಲಿ ನಿಂತು ಅವಸರ ಮಾಡುತ್ತಿರುತ್ತಾರೆ. ಬೇಗ ಮುಗಿಸಿದರೆ ಒಳ್ಳೆಯವಳು ಅನಿಸಿಕೊಳ್ಳುವ ಆಸೆ ಆಗುತ್ತದೆ. ಆ ಎರಡು ದಿನ ಚೀಲವನ್ನು ಮನೆಯೊಳಗೇ ತರಬೇಡ ಮಗಳೇ. ಕಾರಿನಲ್ಲೇ ಇರಲಿ.

ಸಂಜೆ ಬಾಗಿಲು ಹಾಕುವ ಮೊದಲು ಆಕೆ ಚಿತ್ರ ಬರೆಯುತ್ತಿದ್ದ ಮೇಜಿನ ಕೆಳಗಿನ ಕಸದ ಬುಟ್ಟಿಯನ್ನೂ ಬಿಳಿ ಹಾಳೆಯ ಮೇಲೆ ಮಗುಚಿ ನೋಡು. ಅದಕ್ಕೂ ಒಂದು ಸಂಖ್ಯೆ ಕೊಡು. ರೂಮಿಗೆ ಹೋದ ಮೇಲೆ ಎಷ್ಟು ಹೊತ್ತಾದರೂ ಫೋನ್ ಮಾಡು, ಇಲ್ಲಿ ಬೆಳಗಾಗಿರುತ್ತದೆ. ಏನೇನು ಸಿಕ್ಕಿತು ಅಂತ ನೀನು ಹೇಳು, ನಾನು ಕೇಳಿಸಿಕೊಳ್ಳುತ್ತೇನೆ.

ಇಂತಿ,
ನಿನ್ನ ಅಪ್ಪ